ಗೋಡೆಯ ಬದಿಯ ಮುಖ

ಕುಮಟೆಯ ಹೆರವಟ್ಟಾದಲ್ಲಿ ನಾಗಪತಿ ಹೆಗಡೆಯವರ ಮನೆಗೆ ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಮೊದಲು ಆಗುತ್ತಿದ್ದ ಕೆಲಸ ಚಾಪೆ ಹಾಸುವುದು. ಹೆಗಡೆಯವರ ಹೆಂಡತಿ ಮಹಾಲಕ್ಷ್ಮೀ ಅದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬಂದವರಿಗೆ ಜಗಲಿಯ ಕಿಟಕಿಯ ಕೆಳಗೆ ಕಂಬಳಿ. ಅವರಿಗೆ ಎದುರಾಗಿ, ಒಳಬಾಗಿಲಿನ ಪಕ್ಕದ ಗೋಡೆಗೆ ತಾಗಿಸಿ, ಒಂದು ಚಾಪೆ. ಮಗಳು ವನಮಾಲಾ ತಟ್ಟೆ ಹಿಡಿದು ಬಂದು, ಬಂದವರ ಮುಂದಿಟ್ಟು, ಹಿಂದೆ ಸರಿದು, ಆ ಚಾಪೆಯ ಮೇಲೆ ಎಡಭುಜ ಗೋಡೆಗೆ ಒತ್ತುವ ಹಾಗೆ ಕೂರಬೇಕು. ಹಾಗೆ ಕೂತರೆ ಎದುರಿನವರಿಗೆ ಕಾಣುವುದು ಅವಳ ಮುಖದ ಬಲಭಾಗ ಮಾತ್ರ. ಆ ಭಾಗ ಚೆನ್ನಾಗಿಯೇ ಇತ್ತು. ನೇರವಾದ ಮೂಗು, ಕೆಂಪು ಹರಳಿನ ಮೂಗುಬೊಟ್ಟು, ತುಟಿಯ ಕೊನೆಯಲ್ಲಿ ಎಳ್ಳುಕಾಳಿನಷ್ಟು ಮಚ್ಚೆ.

ಗೋಡೆಯ ಬದಿಗೆ ಬರುತ್ತಿದ್ದ ಮುಖದ ಕತೆ ಬೇರೆ. ವನಮಾಲಾ ನಾಲ್ಕು ವರ್ಷದವಳಿದ್ದಾಗ ಊರಿಗೆಲ್ಲ ಸಿಡುಬು ಬಂದಿತ್ತು. ಹುಡುಗಿಯ ಜೀವ ಉಳಿಯಿತು, ಆದರೆ ಎಡಗಣ್ಣಿಗೆ ಹೂ ಬಿತ್ತು. ಕಪ್ಪುಗುಡ್ಡೆ ಇರಬೇಕಾದಲ್ಲಿ ಹಾಲಿನ ಕೆನೆಯಂಥ ಬಿಳುಪು. ಕೆನ್ನೆಯ ಮೇಲೂ ಕೆಲವು ಕುಳಿಗಳು ಉಳಿದವು. ಇಷ್ಟರಿಂದ ಅವಳಿಗೆ ಯಾವ ಕೆಲಸಕ್ಕೂ ಅಡ್ಡಿಯಾಗಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ಒಳ್ಳೆಯ ಅಂಕಗಳಲ್ಲಿ ಪಾಸು ಮಾಡಿದ್ದಳು, ಅಕ್ಷರ ಮುತ್ತಿನಂತಿತ್ತು, ಸೂಜಿಗೆ ನೂಲು ಪೋಣಿಸುವುದರಲ್ಲಿ ಎರಡು ಕಣ್ಣಿದ್ದ ತಾಯಿಗಿಂತ ಚುರುಕು. ಅಡ್ಡಿಯಾದದ್ದು ಮದುವೆಗೆ.

ನಾಗಪತಿ ಹೆಗಡೆಯವರು ಕೆಟ್ಟ ಮನುಷ್ಯರಲ್ಲ, ಸುಳ್ಳು ಹೇಳುವವರೂ ಅಲ್ಲ. ಕುಮಟೆಯ ಕೋರ್ಟಿನಲ್ಲಿ ಹೆಸರಾದ ವಕೀಲರೊಬ್ಬರ ಬಳಿ ಗುಮಾಸ್ತರಾಗಿ ತಲೆ ನರೆಸಿಕೊಂಡವರು. ತಮ್ಮ ಕಕ್ಷಿಗಾರನಿಗೆ ತೊಡಕಾಗುವ ಸಂಗತಿಯನ್ನು ತಾವಾಗಿ ಎತ್ತಬಾರದು, ಎದುರಿನವರು ಕೇಳಿದಾಗ ಮಾತ್ರ ಉತ್ತರಿಸಬೇಕು ಎಂಬ ಪಾಠ ಅವರಿಗೆ ಮೈಗಂಟಿತ್ತು. ಮಗಳ ವಿಷಯದಲ್ಲೂ ಹಾಗೆಯೇ ನಡೆದರು. ಮೊದಲು ಹುಡುಗಿಯನ್ನು ನೋಡಲಿ, ಮಾತುಕತೆ ಒಂದು ಹದಕ್ಕೆ ಬರಲಿ, ಆಮೇಲೆ ಕಣ್ಣಿನ ಸಂಗತಿಯನ್ನು ಮೆಲ್ಲನೆ ಹೇಳಿದರಾಯಿತು ಎಂದುಕೊಂಡಿದ್ದರು. ಮಿರ್ಜಾನಿನವರು ಬಂದರು, ಯಾಣದ ಕಡೆಯವರು ಬಂದರು. ನೋಡಿ ಹೋಗುವಾಗ ಎಲ್ಲರೂ ನಗುತ್ತಲೇ ಹೋದರು. ಆಮೇಲೆ ಹೆಗಡೆಯವರ ಮೆಲ್ಲನೆಯ ಮಾತು ಕಿವಿಗೆ ಬಿದ್ದದ್ದೇ, ಜಾತಕ ಕೂಡುವುದಿಲ್ಲವೆಂದು ಹೇಳಿ ಕಳಿಸಿದರು. ಮೊದಲು ಕೂಡಿದ್ದ ಜಾತಕ ಆಮೇಲೆ ಹೇಗೆ ಕೆಟ್ಟಿತೆಂದು ಯಾರೂ ಕೇಳಲು ಹೋಗಲಿಲ್ಲ.

ಮಾಸ್ತರಣಿಯ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದು ವನಮಾಲಾ ಅಪ್ಪನನ್ನು ಕೇಳಿದ್ದಳು. ಭಟ್ಕಳದ ಕಡೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸಲು ಹೆಂಗಸರೇ ಸಿಗುತ್ತಿರಲಿಲ್ಲ. ಮುಲ್ಕಿ ಪಾಸಾದವರನ್ನು ಮೊದಲು ಸೇರಿಸಿಕೊಂಡು ತರಬೇತಿಗೆ ಆಮೇಲೆ ಕಳಿಸುತ್ತಿದ್ದರು. ಹೆಗಡೆಯವರು ಒಪ್ಪಲಿಲ್ಲ. ನೌಕರಿ ಸೇರಿದರೆ ಮದುವೆಯ ಆಸೆ ಬಿಟ್ಟ ಹಾಗೆಯೇ ಎಂದು ಜನ ತಿಳಿಯುತ್ತಾರೆ ಎಂದರು. ಅವಳು ವಾದಿಸಲಿಲ್ಲ. ಆ ಮನೆಯಲ್ಲಿ ವಾದಿಸುವ ಹಕ್ಕು ವಕೀಲರಿಗೆ ಮಾತ್ರ ಇತ್ತು, ಅದೂ ಅವರು ಬಂದಾಗ.

ಹೆಗಡೆಯವರ ತಮ್ಮ ಮುಂಬಯಿಯಲ್ಲಿ ರೈಲ್ವೆ ಕಚೇರಿಯ ನೌಕರ. ಅವರ ಮಗ ಕೃಷ್ಣಾನಂದ ಅಲ್ಲಿಯೇ ಹುಟ್ಟಿ ಬೆಳೆದು ಚಿತ್ರಕಲಾ ಶಾಲೆಗೆ ಸೇರಿದ್ದ. ಊರಿಗೆ ಬರುತ್ತಿದ್ದದ್ದು ಬೇಸಿಗೆಯಲ್ಲಿ, ಅದೂ ಪ್ರತಿ ವರ್ಷವಲ್ಲ. ಸಾವಿರದ ಒಂಬೈನೂರ ಐವತ್ತೊಂಬತ್ತರ ಮೇ ತಿಂಗಳಲ್ಲಿ ಬಂದವನು ಮನೆಯ ಎಲ್ಲರನ್ನೂ ಒಬ್ಬೊಬ್ಬರಾಗಿ ಕೂರಿಸಿ ಇದ್ದಿಲಿನಲ್ಲಿ ಬರೆದ. ಹೆಗಡೆಯವರು ನಶ್ಯದ ಡಬ್ಬಿಯನ್ನು ಮರೆಮಾಡಿಕೊಂಡು ಕೂತರು. ಕೆಲಸಕ್ಕೆ ಬರುವ ಗಣಪಿ, ಕೂತರೆ ಅಂಗಳ ಗುಡಿಸುವವರು ಯಾರು ಎಂದು ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಳು. ಕೊನೆಗೆ ವನಮಾಲೆಯ ಸರದಿ ಬಂತು. ಮನೆಯ ಮೆತ್ತಿನಲ್ಲಿ, ಹಂಚಿನ ಕೆಳಗಿನ ಆ ಇಕ್ಕಟ್ಟು ಜಾಗದಲ್ಲಿ, ಬೆಳಕಿಗೆಂದು ಗಾಜಿನ ಹಂಚು ಹಾಕಿದ್ದ ಕಡೆ ಅವಳು ಮಣೆಯ ಮೇಲೆ ಕೂತಳು. ಯಾರೂ ಹೇಳದಿದ್ದರೂ ಬಲಮುಖವನ್ನೇ ಕೊಟ್ಟಳು.

ಕೃಷ್ಣಾನಂದ ಒಂದು ಹಾಳೆ ಮುಗಿಸಿ ಜಾಗ ಬದಲಿಸಿದ. ಅವನು ಅತ್ತ ಹೋದಷ್ಟೂ ಅವಳು ಇತ್ತ ತಿರುಗಿದಳು. ಅವನು ಹಿಂದೆ ಹೋಗಿ ನಿಂತ, ಅವಳ ಮೈ ತಾನಾಗಿ ಹೊರಳಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ವರ್ಷಗಟ್ಟಲೆಯ ಅಭ್ಯಾಸ, ಬಿಸಿಲಿಗೆ ಕಣ್ಣು ಕಿರಿದಾಗುವಷ್ಟೇ ಸಹಜ.

“ಗಾಣದ ಎತ್ತಿನ ಹಾಂಗೆ ಎಂತಕ್ಕೆ ತಿರುಗ್ತೆ ಅಕ್ಕ?” ಎಂದು ಅವನು ನಕ್ಕ.

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೆಳಗೆ ಹಾಲು ಉಕ್ಕುತ್ತಿದೆಯೆಂದು ಎದ್ದು ಹೋದಳು. ಅವನು ಮತ್ತೆ ಕರೆಯಲಿಲ್ಲ. ರಜೆ ಮುಗಿಸಿ ಹಾಳೆಗಳನ್ನು ಸುತ್ತಿಕೊಂಡು ಮುಂಬಯಿಗೆ ಹೋದ.

ಮರುವರ್ಷ ದೀಪಾವಳಿಗೆ ಚಿಕ್ಕಪ್ಪ ಊರಿಗೆ ಬಂದಾಗ ಗೋಣಿತಟ್ಟಿನಲ್ಲಿ ಸುತ್ತಿದ ಹಲಗೆಯಂಥದೊಂದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ಕೃಷ್ಣಾನಂದನ ಚಿತ್ರ. ಮುಂಬಯಿಯ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಿತ್ತು, ದೊಡ್ಡಪ್ಪನ ಮನೆಗೆ ಕೊಡಬೇಕೆಂದು ಅವನೇ ಹೇಳಿ ಕಳಿಸಿದ್ದ. ಗೋಣಿ ಬಿಚ್ಚಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದರು.

ಒಬ್ಬ ಹೆಂಗಸು ಎಂದು ತಿಳಿಯುತ್ತಿತ್ತು. ಆದರೆ ಅವಳನ್ನು ಯಾರೋ ತುಂಡು ತುಂಡು ಮಾಡಿ, ಮತ್ತೆ ಜೋಡಿಸುವಾಗ ಆತುರಪಟ್ಟ ಹಾಗೆ ಕಾಣುತ್ತಿತ್ತು. ಒಂದು ಮೂಗು ಬಲಕ್ಕೆ ನೋಡುತ್ತಿತ್ತು. ಅದರ ಹಿಂದೆ ಒಂದು ಬೆರಳಿನಷ್ಟು ಸರಿದು ಅದೇ ಮೂಗು, ಅದೇ ತುಟಿ, ಮತ್ತೊಮ್ಮೆ. ಒಂದೊಂದರ ಮೇಲೂ ಒಂದೊಂದು ಕಣ್ಣು. ಕಿವಿ ಇರಬೇಕಾದಲ್ಲಿ ಭುಜ, ಭುಜದ ಕೆಳಗೆ ಕಿವಿ, ಅದರಲ್ಲಿ ಬೆಂಡೋಲೆ. ಕೈಯೊಂದು ಹಿಡಿದ ತಟ್ಟೆ ಮೂರು ಕೋನಗಳಾಗಿ ಒಡೆದಿತ್ತು. ಕಂದು, ಬೂದಿ, ಬಟ್ಟೆಗೆ ಹಾಕುವ ನೀಲಿ. ಎರಡು ಮುಖಗಳ ನಡುವೆ, ಹಣೆಗಿಂತ ಸ್ವಲ್ಪ ಕೆಳಗೆ, ಕಣ್ಣಿನ ಆಕಾರದ ಒಂದು ಬಿಳಿ ಜಾಗ. ಅದರೊಳಗೆ ಏನೂ ಇರಲಿಲ್ಲ.

ವಕೀಲರು ಕೇಳಿ ತಿಳಿದು ಸಂಜೆಗೆ ತಾವೇ ಬಂದರು. ಮುಂಬಯಿಯಲ್ಲಿ ಕಾನೂನು ಓದಿದವರು, ಇಂಥದನ್ನು ಅಲ್ಲಿ ಕಂಡಿದ್ದರು. ಕೈ ಹಿಂದೆ ಕಟ್ಟಿಕೊಂಡು ಹತ್ತಿರ ಹೋದರು, ದೂರ ಬಂದರು, ಇದು ಹೊಸ ಕಾಲದ ಕಲೆ, ಅರ್ಥ ಕೇಳಬಾರದು, ಸುಮ್ಮನೆ ನೋಡಬೇಕು ಎಂದರು. ಜಗಲಿಯಲ್ಲಿ ತೂಗುಹಾಕತಕ್ಕ ವಸ್ತು ಎಂದೂ ಹೇಳಿದರು. ಅವರು ಹೋದ ಮೇಲೆ ಹೆಗಡೆಯವರು ಮೊಳೆ ಹೊಡೆದರು. ಒಳಬಾಗಿಲಿನ ಪಕ್ಕದ ಗೋಡೆಯಲ್ಲಿ ಮಳೆಗಾಲದ ಒದ್ದೆಯ ಕಲೆಯೊಂದಿತ್ತು, ಅದು ಮುಚ್ಚಿಹೋಯಿತು.

ವಕೀಲರು ಅರ್ಥ ಕೇಳಬಾರದೆಂದರೂ ಮನೆಗೆ ಅರ್ಥ ಬೇಕಿತ್ತು. ಹೆಗಡೆಯವರು ಎಣಿಸಿ ನೋಡಿದರು: ಈ ಮುಖದ್ದೊಂದು, ಆ ಮುಖದ್ದೊಂದು, ನಡುವೆ ಒಂದು. ಮೂರು ಕಣ್ಣಿದ್ದರೆ ಹೆಂಗಸು ಯಾರೆಂದು ಬಿಡಿಸಿ ಹೇಳಬೇಕೆ? ದೇವಿ. ಕೈಯಲ್ಲಿದ್ದದ್ದು ನೈವೇದ್ಯದ ಹರಿವಾಣ. ಗಣಪಿ ಮಾತ್ರ ಒಪ್ಪಲಿಲ್ಲ. ಓಡುವ ಬಸ್ಸಿನಲ್ಲಿ ಕೂತ ಹೆಂಗಸು ಒಂದೊಂದು ಕಿಟಕಿಯಲ್ಲಿ ಒಂದೊಂದು ಚೂರು ಕಾಣುವ ಹಾಗಿದೆ, ಪಾಪ, ಯಾವ ಊರಿಗೆ ಹೊರಟಿದ್ದಾಳೋ ಎಂದಳು. ಅವಳ ಮಾತಿಗೆ ಎಲ್ಲರೂ ನಕ್ಕರು. ಮಹಾಲಕ್ಷ್ಮೀ ನಗುವುದರ ಜೊತೆಗೆ ಅಂಗಳದ ದಾಸವಾಳ ಕೊಯ್ದು ತಂದು ಚೌಕಟ್ಟಿನ ಮೇಲಿಟ್ಟಳು. ಅವತ್ತು ಶುಕ್ರವಾರ. ಅಲ್ಲಿಂದ ಮುಂದೆ ಶುಕ್ರವಾರ ಶುಕ್ರವಾರ ಹೂ, ಚೌಕಟ್ಟಿಗೆ ಕುಂಕುಮ.

ವನಮಾಲೆಗೆ ಗೋಣಿ ಬಿಚ್ಚಿದ ಕ್ಷಣವೇ ತಿಳಿದಿತ್ತು. ಎರಡೂ ತುಟಿಗಳ ಕೊನೆಯಲ್ಲಿ ಎಳ್ಳಿನಷ್ಟು ಕಪ್ಪು. ತಟ್ಟೆ ಹಿಡಿದ ಕೈ ಯಾರ ಕೈಯೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಮೆತ್ತಿನ ಮೇಲೆ ತಾನು ಸುತ್ತಿದ್ದನ್ನು ಅವನು ಬರೆದಿದ್ದಾನೆ, ಒಂದು ಮುಖದ ಹಿಂದೆ ಇನ್ನೊಂದು, ತಿರುಗಿದಷ್ಟೂ. ನಡುವೆ ಆ ಬಿಳಿ ಕಣ್ಣನ್ನು ಇಟ್ಟಿದ್ದಾನೆ. ಅಡಗಿಸಿದ್ದನ್ನು ಕಂಡುಬಿಟ್ಟಿದ್ದಾನೆ, ಕಂಡದ್ದನ್ನು ಮುಂಬಯಿಯ ಜನಕ್ಕೆಲ್ಲ ತೋರಿಸಿ ಬಹುಮಾನವನ್ನೂ ತೆಗೆದುಕೊಂಡಿದ್ದಾನೆ. ಆ ಹುಡುಗನ ಮೇಲೆ ಅವಳಿಗೆ ಬಂದ ಸಿಟ್ಟು ಸಣ್ಣದಲ್ಲ. ಆದರೂ ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ಚಿತ್ರ ಅಟ್ಟಕ್ಕೆ ಹೋಗುತ್ತದೆ. ಜಗಲಿಯಲ್ಲಿ ಎಲ್ಲರ ಕಣ್ಣೆದುರು ತನ್ನ ಎಡಗಣ್ಣು ತೂಗುತ್ತಿದ್ದರೂ ಯಾರಿಗೂ ಅದು ಕಾಣುತ್ತಿಲ್ಲ. ಇದರಲ್ಲಿ ಅವಳಿಗೊಂದು ಕಹಿಯಾದ ಮೋಜು ಸಿಗುತ್ತಿತ್ತು. ಕಸ ಗುಡಿಸುವಾಗ ಅದರ ಎದುರು ನಿಲ್ಲುತ್ತಿದ್ದಳು. ಮೊದಮೊದಲು ತಾನು ಒಡೆದುಹೋಗಿದ್ದೇನೆ ಎಂದು ಕಂಡಿತು. ಕೆಲವು ವಾರಗಳಾದ ಮೇಲೆ, ಒಡೆದದ್ದಲ್ಲ, ಯಾರಿಂದಲೋ ಓಡುತ್ತಿದ್ದೇನೆ ಎಂದು ಕಂಡಿತು. ಎರಡರಲ್ಲಿ ಯಾವುದು ಸರಿಯೆಂದು ಅವಳು ತೀರ್ಮಾನಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಎರಡು ಸಂಬಂಧಗಳ ಮಾತು ಒಟ್ಟಿಗೇ ಬಂತು. ಹಿರೇಗುತ್ತಿಯ ಕಡೆಯ ಒಬ್ಬರು ಎರಡನೆಯ ಸಂಬಂಧಕ್ಕೆ ಹುಡುಕುತ್ತಿದ್ದರು. ವಯಸ್ಸು ನಲವತ್ತರ ಆಚೆ, ಮೊದಲ ಹೆಂಡತಿಯ ಮಕ್ಕಳಿಬ್ಬರು, ಹಾಸಿಗೆ ಹಿಡಿದ ತಾಯಿ. ಕಣ್ಣಿನ ಸಂಗತಿ ಅವರಿಗೆ ಹೇಗೋ ತಿಳಿದಿತ್ತು. ಅಡಿಗೆಗೂ ಅಮ್ಮನ ಚಾಕರಿಗೂ ಒಂದು ಕಣ್ಣು ಸಾಕು ಎಂದು ಹೇಳಿ ಕಳಿಸಿದ್ದರು. ಇನ್ನೊಂದು ಭಟ್ಕಳದ ಹತ್ತಿರ ಶಿರಾಲಿಯ ಮಹಾಬಲ ಭಟ್ಟರ ಮಗ ಅನಂತಮೂರ್ತಿ. ಭಟ್ಕಳದ ತಾಲೂಕು ಕಚೇರಿಯಲ್ಲಿ ಕಾರಕೂನ, ಮೂವತ್ತರ ಒಳಗಿನವನು, ಯಾರ ಬಾಯಲ್ಲೂ ಕೆಟ್ಟ ಮಾತಿಲ್ಲ. ಇವರಿಗೆ ಕಣ್ಣಿನ ಸಂಗತಿ ತಿಳಿಯದು.

ಹೆಗಡೆಯವರು ಮಗಳನ್ನು ಕರೆದು ಲೆಕ್ಕ ಮುಗಿಸುವ ಹಾಗೆ ಹೇಳಿದರು: ಶಿರಾಲಿಯದು ಕೂಡಿದರೆ ಸರಿ, ತಪ್ಪಿದರೆ ಹಿರೇಗುತ್ತಿ, ಮೂರನೆಯ ಮಾತಿಲ್ಲ. ಶಾಲೆಯ ಕೆಲಸವೇ ಅವಳಿಗೆ ಮೂರನೆಯ ಮಾತು. ಅದು ಬಾಯಿಗೆ ಬರುವ ಮೊದಲೇ ಮುಗಿಯಿತು. ಆ ರಾತ್ರಿ ಅವಳು ಅತ್ತಳೆಂದು ಬರೆದರೆ ಸುಳ್ಳಾಗುತ್ತದೆ. ಮರುದಿನಕ್ಕೆ ಬೇಕಾದ ಅವಲಕ್ಕಿಯನ್ನು ಕೇರಿ ಇಟ್ಟು ಮಲಗಿದಳು. ಆದರೆ ಶಿರಾಲಿಯವರು ಬರುವ ದಿನ ಚಾಪೆಯ ಮೇಲೆ ಸರಿಯಾಗಿ ಕೂರಬೇಕು, ಒಂದು ಕೂದಲೆಳೆಯಷ್ಟೂ ತಿರುಗಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಹಿರೇಗುತ್ತಿಯ ಮನೆಯ ಚಿತ್ರ ಕಣ್ಣಿಗೆ ಕಟ್ಟಿತ್ತು.

ಮಾಘದ ಒಂದು ಬೆಳಿಗ್ಗೆ ಅವರು ಬಂದರು. ಮಹಾಬಲ ಭಟ್ಟರು, ಅನಂತಮೂರ್ತಿ, ಅವನ ಅಕ್ಕ ಶ್ರೀಮತಿ. ಶ್ರೀಮತಿಯನ್ನು ಹೊನ್ನಾವರಕ್ಕೆ ಕೊಟ್ಟಿತ್ತು. ಶರಾವತಿ ದಾಟಿ ಬಂದ ಅಪ್ಪನನ್ನೂ ತಮ್ಮನನ್ನೂ ಅಲ್ಲಿ ಕೂಡಿಕೊಂಡು ಬಂದಿದ್ದಳು. ನೋಡುವ ಕೆಲಸಕ್ಕೆ ಅವಳನ್ನೇ ಕರೆತಂದದ್ದೆಂದು ಒಳಗೆ ಕಾಲಿಟ್ಟಾಗಲೇ ತಿಳಿಯಿತು. ಕಂಬಳಿಯ ಮೇಲೆ ಕೂರುವ ಮೊದಲು ಅವಳು ಜಗಲಿಯ ನಾಲ್ಕು ಮೂಲೆಯನ್ನೂ ನೋಡಿ ಮುಗಿಸಿದ್ದಳು.

ವನಮಾಲಾ ತಟ್ಟೆ ಇಟ್ಟಳು, ಹಿಂದೆ ಸರಿದಳು, ಚಾಪೆಯ ಮೇಲೆ ಕೂತಳು. ಎಡಭುಜಕ್ಕೆ ಗೋಡೆಯ ತಂಪು ತಾಗಿತು. ತಲೆಯ ಮೇಲೆ ಚಿತ್ರ. ಗಂಡಸರು ಲಾಂಚು ತಡವಾದದ್ದನ್ನೂ ಹೊಳೆಗೆ ಸೇತುವೆಯಾಗುತ್ತದೆಂದು ಸರಕಾರ ಹೇಳುತ್ತಲೇ ಇರುವುದನ್ನೂ ಮಾತಾಡಿದರು. ಅನಂತಮೂರ್ತಿ ಅವಳತ್ತ ನೋಡಿ ನೋಡದ ಹಾಗೆ ಮಾಡಿ ಚಹಾ ಕುಡಿದ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಶ್ರೀಮತಿಯ ಕಣ್ಣು ಮಾತ್ರ ಚಿತ್ರದ ಮೇಲಿತ್ತು. ಇದು ಯಾವ ದೇವರೆಂದು ಕೇಳಿದಳು. ಹೆಗಡೆಯವರು ದೇವಿಯೆಂದರು, ತಮ್ಮನ ಮಗ ಬರೆದದ್ದು, ಮುಂಬಯಿಯಲ್ಲಿ ಬಹುಮಾನ ಬಂದದ್ದು ಎಂದರು. ಭಟ್ಟರು ಕೂತಲ್ಲಿಂದಲೇ ಕೈ ಮುಗಿದರು. ಶ್ರೀಮತಿ ಎದ್ದು ಹತ್ತಿರ ಬಂದಳು. ಶುಕ್ರವಾರದ ದಾಸವಾಳ ಬಾಡಿ ಚೌಕಟ್ಟಿನ ಮೇಲೆ ಇನ್ನೂ ಇತ್ತು. ಅದನ್ನು ಬೆರಳಿನಿಂದ ಸರಿಸಿ ಚಿತ್ರವನ್ನು ನೋಡಿದಳು, ಬಗ್ಗಿ ಕೆಳಗೆ ಕೂತ ಹುಡುಗಿಯನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

“ದೇವಿ ತುಟಿ ಹತ್ರ ಮಚ್ಚೆ ಇದ್ದಲ್ಲ,” ಎಂದಳು.

ಹೆಗಡೆಯವರು ನಕ್ಕು, ಹುಡುಗ ತಂಗಿಯ ಹೋಲಿಕೆಯನ್ನು ಸ್ವಲ್ಪ ತೆಗೆದುಕೊಂಡಿರಬಹುದು ಎಂದರು. ಗಡಿಬಿಡಿಯಲ್ಲಿ ಅಕ್ಕನನ್ನು ತಂಗಿ ಮಾಡಿದರು. ಶ್ರೀಮತಿ ಅದನ್ನೂ ಬಿಡಲಿಲ್ಲ.

“ಆತು, ಇದು ಈ ಕೂಸು. ಹಾಂಗಾರೆ ಹಿಂದೆ ನಿಂತದ್ದು ಯಾರು? ಅದೇ ಮೂಗು, ಅದೇ ತುಟಿ. ಕಣ್ಣಿಗೆ ಹೂ ಬಿದ್ದಿದ್ದು. ಈ ತಂಗಿಗೆ ಒಬ್ಬ ಅಕ್ಕ ಇದ್ದ ಹಾಂಗೆ ಕಾಣ್ತು.”

ಅವಳ ತರ್ಕ ಅವಳ ಮಟ್ಟಿಗೆ ಗಟ್ಟಿಯಾಗಿಯೇ ಇತ್ತು. ಹಿರಿಯಳನ್ನು ಮನೆಯಲ್ಲಿಟ್ಟುಕೊಂಡು ಕಿರಿಯಳಿಗೆ ಮದುವೆ ಮಾಡುವಂತಿಲ್ಲ. ಹಿರಿಯಳಿಗೆ ಏನಾದರೂ ಊನವಿದ್ದರೆ ಅವಳನ್ನು ಅಡಿಗೆಮನೆಯಲ್ಲಿ ಮುಚ್ಚಿಟ್ಟು ಕಿರಿಯಳೊಬ್ಬಳೇ ಎಂದು ತೋರಿಸುವ ಮನೆಗಳನ್ನು ಅವಳು ಕಂಡಿದ್ದಳು. ಬೇರೆ ಯಾರಿಗಾದರೂ ಆ ಚಿತ್ರದಲ್ಲಿ ಒಬ್ಬಳೇ ಹೆಂಗಸು ಕಾಣಬಹುದಿತ್ತು. ಹೆಣ್ಣು ನೋಡಲು ಬಂದ ಶ್ರೀಮತಿಗೆ ಇಬ್ಬರು ಅಕ್ಕತಂಗಿಯರು ಕಂಡರು, ಮುಂದಿನವಳು ಹಿಂದಿನವಳನ್ನು ಮರೆಮಾಡಿ ನಿಂತಿದ್ದಳು.

ಅದೇ ಹೊತ್ತಿಗೆ ಒಳಗೆ ಗಣಪಿಯ ಕೈಯಿಂದ ಚರಿಗೆಯೊಂದು ಬಿದ್ದು ಉರುಳಿತು. ಮೂವರೂ ಒಳಬಾಗಿಲ ಕಡೆ ನೋಡಿದರು.

ಭಟ್ಟರು ಚಹಾದ ಲೋಟ ಕೆಳಗಿಟ್ಟರು. “ಹಿರೇ ಕೂಸು ಇದ್ರೆ ಹೇಳಿ ಬಿಡಿ ಹೆಗಡೇರೆ. ಅಕ್ಕನ ಬಿಟ್ಟು ತಂಗಿ ಕರ್ಕಂಡು ಹೋಪ ಪದ್ಧತಿ ನಮ್ಮಲ್ಲಿ ಇಲ್ಲೆ.”

ಹೆಗಡೆಯವರು ಇಲ್ಲವೆಂದರು. ದೇವರ ಆಣೆ ಹಾಕಿದರು. ತಮಗಿರುವುದು ಒಂದೇ ಹೆಣ್ಣು, ಬೇಕಾದರೆ ರೇಶನ್ ಕಾರ್ಡು ತಂದು ತೋರಿಸುತ್ತೇನೆ ಎಂದರು. ರೇಶನ್ ಕಾರ್ಡಿನಲ್ಲಿ ಹೆಸರು ಬಿಡುವುದೇನು ದೊಡ್ಡ ಮಾತಲ್ಲ ಎಂದು ಭಟ್ಟರು ಮೆಲ್ಲನೆ ಹೇಳಿದರು. ಶ್ರೀಮತಿ, ನೀರು ಕುಡಿದು ಬರುತ್ತೇನೆಂದು ಒಳಬಾಗಿಲ ಕಡೆ ಹೊರಟಳು. ಮಹಾಲಕ್ಷ್ಮೀ ಗಾಬರಿಯಾಗಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಮುಚ್ಚಿಡುವಂಥದು ಏನೂ ಇರಲಿಲ್ಲ, ಅಡಿಗೆಮನೆ ಹರಡಿಕೊಂಡಿತ್ತು ಅಷ್ಟೇ. ಆದರೆ ಅಡ್ಡ ನಿಂತದ್ದು ಎಲ್ಲರಿಗೂ ಕಂಡಿತು. ಹೆಗಡೆಯವರು ಮತ್ತೆ ಆಣೆ ಹಾಕಿದರು.

ಚಾಪೆಯ ಮೇಲೆ ಕೂತ ವನಮಾಲೆಗೆ ಅಪ್ಪನ ಮುಖ ಕಾಣುತ್ತಿತ್ತು. ಇಷ್ಟು ವರ್ಷ ಬಂದವರ ಎದುರು ಅರ್ಧ ಮಾತಾಡಿದವರು ಇವತ್ತು ಪೂರ್ತಿ ನಿಜ ಹೇಳುತ್ತಿದ್ದಾರೆ, ಇವತ್ತೇ ಯಾರೂ ನಂಬುತ್ತಿಲ್ಲ. ಈಗ ಇವರು ಎದ್ದು ಹೋದರೆ ಶಿರಾಲಿಯಿಂದ ಕುಮಟೆಯವರೆಗೆ ಒಂದೇ ಸುದ್ದಿ: ಹೆಗಡೆಯವರು ಹಿರಿ ಮಗಳನ್ನು ಒಳಗೆ ಕೂಡಿಹಾಕಿದ್ದಾರೆ. ಇಲ್ಲದ ಹೆಣ್ಣನ್ನು ಇಲ್ಲವೆಂದು ತೋರಿಸುವುದು ಹೇಗೆ? ಒಂದೇ ದಾರಿಯಿತ್ತು. ಆ ದಾರಿಯ ಕೊನೆಗೆ ಹಿರೇಗುತ್ತಿಯಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ಒತ್ತಿದ ಭುಜವನ್ನು ಅವಳು ಇನ್ನೊಂದು ಕ್ಷಣ ಹಾಗೆಯೇ ಇಟ್ಟುಕೊಂಡಳು.

ಆಮೇಲೆ ಚಾಪೆಯ ಮೇಲೆ ಪೂರ್ತಿ ತಿರುಗಿ, ಕಿಟಕಿಯ ಬೆಳಕಿಗೆ ಮುಖವಿಟ್ಟು ಕೂತಳು.

“ಅಲ್ಲಿ ಇಬ್ರಿಲ್ಲೆ. ಅದೂ ಆನೇ,” ಎಂದು ತನ್ನತ್ತ ಬೆರಳು ತೋರಿಸಿದಳು.

ಭಟ್ಟರು ನೋಡಿ ತಲೆ ತಗ್ಗಿಸಿದರು. ಅನಂತಮೂರ್ತಿಯೂ ತಗ್ಗಿಸಿದ, ಆದರೆ ಮತ್ತೆ ಎತ್ತಿ ನೋಡಿದ. ಅಷ್ಟು ಅವನ ಪರವಾಗಿ ಹೇಳಬೇಕು. ಶ್ರೀಮತಿ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಅದರಲ್ಲಿ ಏನಾದರೂ ಕಾಣುತ್ತದೆಯೇ ಎಂದು ಕೇಳಿದಳು. ಬೆಳಕು ಕತ್ತಲೆ ಗೊತ್ತಾಗುತ್ತದೆ ಎಂದು ವನಮಾಲಾ ಹೇಳಿದಳು. ಯಾವ ವಯಸ್ಸಿನಲ್ಲಿ ಆದದ್ದು, ನೋವಿದೆಯೇ, ಓದಲು ತೊಂದರೆಯೇ ಎಂದು ಒಂದೊಂದೇ ಕೇಳಿದಳು. ವನಮಾಲಾ ಒಂದೊಂದಕ್ಕೂ ಉತ್ತರಿಸಿದಳು. ಹೆಣ್ಣು ನೋಡಲು ಬಂದವರು ಅವಳನ್ನು ನೇರವಾಗಿ ಏನಾದರೂ ಕೇಳಿದ್ದು ಅದೇ ಮೊದಲು. ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂಬುದನ್ನೆಲ್ಲ ಈವರೆಗೆ ಅಪ್ಪನನ್ನು ಕೇಳುತ್ತಿದ್ದರು. ಬಂದವರು ಮರ್ಯಾದೆಗೆ ಕಡಿಮೆ ಮಾಡದೆ ಅವಲಕ್ಕಿ ಮುಗಿಸಿ, ತಿಳಿಸುತ್ತೇವೆಂದು ಹೇಳಿ ಹೋದರು.

ಅವರು ಅಂಗಳ ದಾಟಿದ ಮೇಲೆ ಹೆಗಡೆಯವರು ಕೋಟು ತೊಟ್ಟು ಕೋರ್ಟಿಗೆ ಹೋದರು. ಅವತ್ತು ರವಿವಾರ. ಮಹಾಲಕ್ಷ್ಮೀಗೆ ಸಂಬಂಧ ಮುರಿಯುವ ಚಿಂತೆಗಿಂತ ಬೇರೊಂದು ಹೆದರಿಕೆ ಹತ್ತಿತ್ತು. ಅವಳು ಚಿತ್ರದ ಕೆಳಗೆ ನಿಂತು ಚೌಕಟ್ಟಿನ ಕುಂಕುಮವನ್ನು ಸೆರಗಿನಿಂದ ಉಜ್ಜುತ್ತಿದ್ದಳು. ಪಟಕ್ಕೆ ಹೂ ಕುಂಕುಮ ಇಡುವುದು ದೇವರಿಗೆ, ಇಲ್ಲವಾದರೆ ಸತ್ತವರಿಗೆ.

“ಜೀವ ಇದ್ದ ಕೂಸಿನ ಪಟಕ್ಕೆ ಹೂ ಹಾಕಿದ್ದಿ ಆನು. ನೀ ಒಂದು ಮಾತು ಎಂತಕ್ಕೆ ಹೇಳಿದ್ದಿಲ್ಲೆ?”

“ಹೂವಾದ್ರೂ ಸಿಕ್ತು ಅಲ್ದ, ಆಯಿ,” ಎಂದಳು ವನಮಾಲಾ.

ತಾಯಿಗೆ ಅದು ನಗುವ ಮಾತಾಗಿರಲಿಲ್ಲ. ಮರುದಿನ ಧಾರೇಶ್ವರಕ್ಕೆ ಹೋಗಿ ತುಪ್ಪದ ದೀಪ ಹಚ್ಚಿ, ಮಗಳ ಆಯುಷ್ಯಕ್ಕೆ ತಪ್ಪು ಕಾಣಿಕೆ ಹಾಕಿ ಬಂದಳು. ಬಂದವಳು ಮಗಳ ಎಡಕೆನ್ನೆಯನ್ನು ಅಂಗೈಯಿಂದ ಒಮ್ಮೆ ಸವರಿ ಒಳಗೆ ಹೋದಳು. ಆ ಮನೆಯಲ್ಲಿ ಆ ಕೆನ್ನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ.

ಶಿರಾಲಿಯ ಉತ್ತರ ಕೋರ್ಟಿಗೆ ಬಂದ ಹೊನ್ನಾವರದವರೊಬ್ಬರ ಬಾಯಲ್ಲಿ ಬಂತು. ಕಣ್ಣಿನ ಬಗ್ಗೆ ಅವರ ತಕರಾರಿಲ್ಲವಂತೆ, ಶ್ರೀಮತಿ ಕೂಡ ಹುಡುಗಿ ಗಟ್ಟಿ ಎಂದಳಂತೆ. ಆದರೆ ಹಿರಿಯರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಿದ ಹುಡುಗಿ ನಾಳೆ ಮನೆಯಲ್ಲಿ ಹೇಗೆ ಹೊಂದಿಕೊಂಡಾಳು ಎಂದು ಭಟ್ಟರ ಹಿಂಜರಿಕೆಯಂತೆ. ಇದನ್ನು ಕೇಳಿ ವಕೀಲರು ಕಚೇರಿಯಲ್ಲಿ ಜೋರಾಗಿ ನಕ್ಕರು, ಹೆಗಡೆಯವರು ನಗಲಿಲ್ಲ. ಅದೇ ವಾರ ಹಿರೇಗುತ್ತಿಗೆ ಹೇಳಿ ಕಳಿಸಿದರು.

ಆದರೆ ಸುದ್ದಿ ಅವರಿಗಿಂತ ಮೊದಲೇ ಹಿರೇಗುತ್ತಿಗೆ ಹೋಗಿತ್ತು. ಬಂದ ಉತ್ತರ ಚಿಕ್ಕದಾಗಿತ್ತು. ತಮಗೆ ಬೇಕಾದದ್ದು ತಾಯಿಯ ಚಾಕರಿ ಮಾಡಿಕೊಂಡು ಸುಮ್ಮನಿರುವ ಹೆಣ್ಣು. ಒಂದು ಕಣ್ಣು ಕಡಿಮೆಯಾದರೆ ನಡೆಯುತ್ತದೆ, ನಾಲಿಗೆ ಹೆಚ್ಚಾದರೆ ನಡೆಯುವುದಿಲ್ಲ. ಹೀಗೆ ಒಂದೇ ಮಾತು ಎರಡು ಸಂಬಂಧಗಳನ್ನೂ ಮುರಿಯಿತು. ವನಮಾಲಾ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಾ ಇದನ್ನು ಕೇಳಿದಳು. ಮೊದಲನೆಯದಕ್ಕೆ ಅವಳಿಗೆ ನೋವಾಗಿತ್ತು. ಅನಂತಮೂರ್ತಿ ಮತ್ತೊಮ್ಮೆ ತಲೆಯೆತ್ತಿ ನೋಡಿದ್ದನ್ನು ಅವಳು ಕೆಲವು ದಿನ ನೆನೆಸಿಕೊಂಡದ್ದು ನಿಜ. ಎರಡನೆಯದನ್ನು ಕೇಳಿ ಕೈಯಲ್ಲಿದ್ದ ಸೀರೆಯನ್ನು ಎರಡೆರಡು ಸಲ ಕೊಡವಿದಳು, ಅಷ್ಟೇ.

ಮೇ ತಿಂಗಳಲ್ಲಿ ಕೃಷ್ಣಾನಂದ ಬಂದ. ನಡೆದದ್ದನ್ನು ಹೆಗಡೆಯವರು ಅವನಿಗೆ ಸಿಟ್ಟಿನಲ್ಲೇ ಹೇಳಿದರು. ಬರೆಯುವುದಾದರೆ ಒಬ್ಬಳಿಗೆ ಒಂದು ಮುಖ ಬರೆಯಬೇಕು, ಅಕ್ಕನ ಊನವನ್ನು ಊರಿಗೆ ಸಾರುವುದೇ ನಿನ್ನ ವಿದ್ಯೆಯೋ ಎಂದರು. ಅವನು ಬೆಪ್ಪಾಗಿ ದೊಡ್ಡಪ್ಪನನ್ನೂ ಅಕ್ಕನನ್ನೂ ನೋಡಿದ.

“ಆ ಬದಿ ಆನು ಸರಿಯಾಗಿ ನೋಡಿದ್ದೇ ಇಲ್ಲೆ, ಅಕ್ಕ. ಹೂ ಬಿದ್ದಿದ್ದು ಹೇಳಿ ಗೊತ್ತಿತ್ತು, ಹೆಂಗಿದ್ದು ಹೇಳಿ ಗೊತ್ತಿರ್ಲಿಲ್ಲೆ. ನೋಡದ್ದನ್ನ ಬರೆಯೂಲೆ ಬತ್ತಿಲ್ಲೆ. ಅದಕ್ಕೆ ಜಾಗ ಬಿಟ್ಟಿದ್ದಿ.”

ವನಮಾಲಾ ಎದ್ದು ಹೋಗಿ ಚಿತ್ರದ ಮೇಲೆ ಬೆರಳಾಡಿಸಿದಳು. ಉಳಿದೆಡೆ ಬಣ್ಣ ದಪ್ಪವಾಗಿ ತರಿತರಿಯಾಗಿತ್ತು. ಬಿಳಿ ಜಾಗದಲ್ಲಿ ಬಣ್ಣವೇ ಇರಲಿಲ್ಲ, ಬರಿಯ ಬಟ್ಟೆ. ದೇವಿಯ ಮೂರನೆಯ ಕಣ್ಣು, ಬಚ್ಚಿಟ್ಟ ಅಕ್ಕನ ಕಣ್ಣು, ತನ್ನ ಕಣ್ಣು, ಎಲ್ಲವನ್ನೂ ನೋಡಿದವರೇ ತಂದು ಅಲ್ಲಿಟ್ಟಿದ್ದರು. ತಾನೂ ಇಟ್ಟಿದ್ದಳು. ಹಾಗಾದರೆ ತನ್ನನ್ನು ಬಯಲು ಮಾಡಿದವನೆಂದು ಈ ಹುಡುಗನ ಮೇಲೆ ಸಾಧಿಸಿದ ಸಿಟ್ಟಿಗೆ ಆಧಾರವೇ ಇಲ್ಲ. ಬಯಲು ಮಾಡಿದವಳು ತಾನೇ. ಇದು ಅವಳಿಗೆ ಆ ಹೊತ್ತಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ ಹೇಳುವುದು ಕಷ್ಟ. ಅವನನ್ನು ಚೆನ್ನಾಗಿ ಬೈದಳು. ಕಾಣದಿದ್ದರೆ ಕೇಳಬೇಕಿತ್ತು ಎಂದಳು. ಆಮೇಲೆ ಅವನಿಗೆ ಊಟಕ್ಕೆ ಬಡಿಸಿದಳು.

ಅರ್ಜಿಯನ್ನು ಅವಳು ಬರೆದದ್ದು ಅದೇ ತಿಂಗಳು. ಅಪ್ಪನನ್ನು ಕೇಳಲಿಲ್ಲ, ಬರೆದು ಅವರ ಕೋಟಿನ ಪಕ್ಕದಲ್ಲಿಟ್ಟಳು. ಹೆಗಡೆಯವರು ಓದಿದರು. ವರ್ಷಾನುಗಟ್ಟಲೆ ಇನ್ನೊಬ್ಬರ ಅರ್ಜಿ ಬರೆದವರಾದ್ದರಿಂದ ಒಂದು ವಾಕ್ಯ ತಿದ್ದುವ ಆಸೆ ತಡೆಯಲಾಗಲಿಲ್ಲ. ಎಡಗಣ್ಣಿಗೆ ದೃಷ್ಟಿಯಿಲ್ಲವೆಂದು ಅವಳು ಮೊದಲ ಸಾಲಿನಲ್ಲೇ ಬರೆದಿದ್ದಳು. ಅದರ ಮೇಲೆ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆ ಸಾಲನ್ನು ಬಿಟ್ಟು ಮುಂದಿನದರಲ್ಲಿ ಒಂದು ಅಲ್ಪವಿರಾಮ ಹಾಕಿ, ಮಡಿಸಿ, ಕಿಸೆಯಲ್ಲಿಟ್ಟುಕೊಂಡು ಹೋದರು. ವಕೀಲರು ಸ್ಕೂಲ್ ಬೋರ್ಡಿನವರಿಗೆ ಒಂದು ಮಾತು ಹೇಳಿದರು. ಭಟ್ಕಳದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಮೃಗಶಿರೆ ಮಳೆಗೆ ಮೊದಲೇ ಆರ್ಡರು ಬಂತು.

ಅವಳನ್ನು ಸೇರಿಸಿ ಬರಲು ಹೆಗಡೆಯವರು ಜೊತೆಗೆ ಹೊರಟರು. ಹೊನ್ನಾವರದವರೆಗೆ ಬಸ್ಸಿನಲ್ಲಿ ಬಂದರು. ಮಳೆ ಇನ್ನೂ ಹಿಡಿದಿರಲಿಲ್ಲ, ಆದರೆ ಆಕಾಶ ಕಟ್ಟಿತ್ತು. ಶರಾವತಿಯ ದಕ್ಕೆಯಲ್ಲಿ ಲಾಂಚು ತುಂಬುತ್ತಿತ್ತು. ಭಟ್ಕಳಕ್ಕೆ ಹೊರಟ ನವಾಯತ ವ್ಯಾಪಾರಿಗಳು, ಕೊಂಕಣಿಯಲ್ಲಿ ಜಗಳವಾಡುತ್ತಿದ್ದ ಮೀನಿನ ಹೆಂಗಸರು, ಕೋಳಿಬುಟ್ಟಿ, ಸೈಕಲ್ಲು. ವನಮಾಲಾ ಟ್ರಂಕನ್ನು ಕಾಲ ಬುಡದಲ್ಲಿಟ್ಟುಕೊಂಡು ಕಟ್ಟೆಯಂಚಿಗೆ ನಿಂತಳು. ಹೆಗಡೆಯವರು ಕೊಡೆ ಹಿಡಿದು ಬಂದು ಜನರಿಗೂ ಅವಳಿಗೂ ನಡುವೆ, ಅವಳ ಎಡಕ್ಕೆ ನಿಂತರು. ಅಷ್ಟು ಸಾಲದೆಂದು ಕೊಡೆಯನ್ನೂ ಅದೇ ಬದಿಗೆ ಸ್ವಲ್ಪ ವಾಲಿಸಿದರು. ನಿಂತಲ್ಲಿಂದಲೇ, ಭಟ್ಕಳದಲ್ಲಿ ಯಾರ ಮನೆಯಲ್ಲಿ ಉಳಿಯಬೇಕು, ನೀರನ್ನು ಕಾಯಿಸಿಯೇ ಕುಡಿಯಬೇಕು ಎಂದು ಒಂದೊಂದೇ ಹೇಳತೊಡಗಿದರು. ದನಿ ಕೇಳುತ್ತಿತ್ತು. ಆ ಬದಿಗೆ ಅವಳಿಗೆ ಕಂಡದ್ದು ಮಬ್ಬು ಬೆಳಕು ಮಾತ್ರ.

“ಅಪ್ಪಯ್ಯ, ಅಲ್ಲಿ ನಿಂತ್ರೆ ನೀನು ನಂಗೆ ಕಾಣ್ತಿಲ್ಲೆ. ಈಚೆ ಬಾ.”

ಹೆಗಡೆಯವರು ಮಾತು ನಿಲ್ಲಿಸಿದರು. ಕೊಡೆಯನ್ನು ಮಡಚಿದರು. ಮೀನಿನ ಬುಟ್ಟಿಯೊಂದನ್ನು ದಾಟಿ, ಹೆಂಗಸರಿಂದ ಬೈಸಿಕೊಂಡು, ಮಗಳ ಬಲಬದಿಗೆ ಬಂದು ನಿಂತರು. ಆ ಹೆಂಗಸರಲ್ಲೊಬ್ಬಳು ವನಮಾಲೆಯ ಮುಖವನ್ನು ತಲೆಯೆತ್ತಿ ನೋಡಿ, ಟ್ರಂಕು ಸ್ವಲ್ಪ ಸರಿಸು ಎಂದಳು. ಅವಳು ಸರಿಸಿದಳು. ಲಾಂಚು ದಕ್ಕೆ ಬಿಟ್ಟಿತು. ನೀರು ಕಾಯಿಸುವ ವಿಷಯವನ್ನು ಹೆಗಡೆಯವರು ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಮತ್ತೆ ಶುರುಮಾಡಿದರು.